ಎಲೆ ಉದುರುವ ಮುನ್ನ: ವೈಟ್ ಮೌಂಟನ್ಸ್ ಬೆಟ್ಟಗಳಲ್ಲಿ ಎರಡು ದಿನ

ಮಲೆನಾಡಿನವರಿಗೆ ಎಲೆ ಉದುರುವುದು ಹೊಸ ಸಂಗತಿಯೇನಲ್ಲ. ಮಾಘ ಮಾಸ ಬಂತೆಂದರೆ ಮತ್ತಿ, ಹೊನ್ನೆ, ನಂದಿ, ತೇಗ ಮುಂತಾದ ಮರಗಳು ಬೋಳಾಗತೊಡಗುತ್ತವೆ. ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸಿ, ಹೊರೆ ಹೊತ್ತು ತಂದು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿಕೊಳ್ಳುವುದರ ಕಡೆಗೇ ಆಗ ನಮ್ಮ ಗಮನವೆಲ್ಲ. ಆದರೆ ಉದುರುವ ಮುನ್ನ ಎಲೆ ತಳೆಯುವ ಬಣ್ಣವನ್ನು ನೋಡುವುದಕ್ಕೆಂದೇ ಜನರು ನೂರಾರು ಮೈಲಿ ಕಾರು ಓಡಿಸಿಕೊಂಡು ಬರುವ, ಅದಕ್ಕಾಗಿ ತಿಂಗಳುಗಳ ಮುಂಚೆಯೇ ವಸತಿಗೃಹಗಳನ್ನು ಕಾದಿರಿಸುವ ಪ್ರದೇಶವೊಂದು ಅಮೆರಿಕಾದ ಈಶಾನ್ಯ ಮೂಲೆಯಲ್ಲಿದೆ. ಅದೇ ನ್ಯೂ ಇಂಗ್ಲೆಂಡ್. ಹೀಗೆ ಬರುವವರಿಗೆ ಅಲ್ಲಿಯವರು ತಮಾಷೆಗೆ ಇಟ್ಟಿರುವ ಹೆಸರು ‘ಲೀಫ್ ಪೀಪರ್ಸ್’, ಅಂದರೆ ಎಲೆ ಇಣುಕುವವರು.

ನ್ಯೂ ಇಂಗ್ಲೆಂಡಿನ ಆರು ರಾಜ್ಯಗಳಲ್ಲಿ ಒಂದಾದ ನ್ಯೂ ಹ್ಯಾಂಪ್‌ಶೈರ್‌ನ ಉತ್ತರ ಭಾಗದಲ್ಲಿ ವೈಟ್ ಮೌಂಟನ್ಸ್ ಎಂಬ ಪರ್ವತಶ್ರೇಣಿಯಿದೆ. ಬಾಸ್ಟನ್ ನಗರದಿಂದ ಕಾರಿನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚಿನ ದಾರಿ. ಬಾಸ್ಟನ್ ಸಮೀಪ ನೆಲೆಸಿರುವ ಬಂಧುಗಳ ಮನೆಗೆ ಅಕ್ಟೋಬರ್ ತಿಂಗಳಲ್ಲಿ ಹೋಗಿದ್ದ ನಾವು, ಒಂದು ಶನಿವಾರ ಮತ್ತು ಭಾನುವಾರ ಕ್ಯಾಮರಾ ಸಮೇತ ಈ ಬೆಟ್ಟಗಳನ್ನು ಸುತ್ತಿ ಬಂದೆವು. ಮರದ ನೆರಳಿನಲ್ಲಿಯೇ ಬೆಳೆ ತೆಗೆಯುವ ನಮ್ಮ ಸದಸ್ಯ ಬಾಂಧವರಿಗೆ ಅಲ್ಲಿಯ ಕಾಡಿನ ಕಥೆ ಉಪಯುಕ್ತವಾದೀತೆಂದು ಈ ಲೇಖನ.

ಮುಳ್ಳಯ್ಯನಗಿರಿಯ ಎತ್ತರ, ಹಿಮದ ನಾಡು

ಈ ಶ್ರೇಣಿಯ ಅತ್ಯುನ್ನತ ಶಿಖರ ಮೌಂಟ್ ವಾಷಿಂಗ್ಟನ್. ಎತ್ತರ 6,288 ಅಡಿ. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ತಗ್ಗು. ಆದರೆ ಅದು ಇರುವುದು ಭೂಮಧ್ಯರೇಖೆಯಿಂದ 44 ಡಿಗ್ರಿ ಉತ್ತರದಲ್ಲಿ. ಆದ್ದರಿಂದ ಅದರ ಮೇಲ್ಭಾಗದಲ್ಲಿ ಮರವೇ ಬೆಳೆಯದು. ಬರೀ ಬಂಡೆ, ಹಾವಸೆ. 1934ರ ಏಪ್ರಿಲ್ 12ರಂದು ಈ ಶಿಖರದ ಮೇಲೆ ಗಾಳಿಯ ವೇಗ ಗಂಟೆಗೆ 231 ಮೈಲಿ ದಾಖಲಾಗಿತ್ತು. ನಾವು ಹೋದಾಗ ತಪ್ಪಲಿನಲ್ಲಿ ಹಿತವಾದ ಬಿಸಿಲಿದ್ದರೂ ಶಿಖರದಲ್ಲಿ ಆಗಲೇ ತೆಳುವಾಗಿ ಹಿಮ ಕಾಣುತ್ತಿತ್ತು.

ಬಣ್ಣ ಇಳಿಯುವುದು ಮೇಲಿನಿಂದ ಕೆಳಕ್ಕೆ, ಉತ್ತರದಿಂದ ದಕ್ಷಿಣಕ್ಕೆ. ಎತ್ತರದ ಇಳಿಜಾರುಗಳಲ್ಲಿ ಸೆಪ್ಟೆಂಬರ್ ಕೊನೆಗೇ ಶುರುವಾಗಿ, ಅಕ್ಟೋಬರ್ ಮೊದಲೆರಡು ವಾರಗಳಲ್ಲಿ ಕಣಿವೆಗಳು ಪೂರ್ಣ ರಂಗೇರುತ್ತವೆ. ಒಂದು ಜೋರು ಮಳೆ ಗಾಳಿ ಬಂದರೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಕಾಫಿ ಹೂವಿನ ಮೂರು ದಿನದ ವೈಭವವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಕ್ಯಾಂಕಮಾಗಸ್ ರಸ್ತೆ

ಮೊದಲ ದಿನ ಫ್ರಾಂಕೋನಿಯಾ ನಾಚ್ ಎಂಬ ಕಣಿವೆಗೆ ಹೋದೆವು. ಇಲ್ಲಿ ಬಂಡೆಯ ಅಂಚೊಂದು ಮುದುಕನ ಮುಖದಂತೆ ಕಾಣುತ್ತಿತ್ತು. ರಾಜ್ಯದ ಲಾಂಛನವೇ ಆಗಿದ್ದ ಆ ಮುಖ 2003ರ ಮೇ 3ರಂದು ಕುಸಿದು ಬಿತ್ತು. ಬಂಡೆ ಹೋದರೂ ರಸ್ತೆ ಫಲಕಗಳ ಮೇಲೆ ಮುದುಕ ಇನ್ನೂ ಇದ್ದಾನೆ.

ಮಧ್ಯಾಹ್ನ ಲಿಂಕನ್ ಎಂಬ ಊರಿನಿಂದ ಕ್ಯಾಂಕಮಾಗಸ್ ರಸ್ತೆ ಹಿಡಿದೆವು. ಹದಿನೇಳನೆಯ ಶತಮಾನದ ಮೂಲನಿವಾಸಿ ನಾಯಕನೊಬ್ಬನ ಹೆಸರನ್ನು ಹೊತ್ತ ಈ ರಸ್ತೆ ಕಾನ್ವೇವರೆಗೆ 34.5 ಮೈಲಿ ಉದ್ದವಿದೆ. ಊರಿಂದೂರಿಗೆ ಪೂರ್ಣ ಸಂಪರ್ಕವಾದುದು 1959ರಲ್ಲಿ. ನಡುವೆ ಪೆಟ್ರೋಲ್ ಬಂಕಿಲ್ಲ, ಹೋಟೆಲಿಲ್ಲ, ಅಂಗಡಿಯಿಲ್ಲ, ಜಾಹೀರಾತು ಫಲಕವೂ ಇಲ್ಲ. ಬೇಕಾದುದೆಲ್ಲವನ್ನೂ ಹೊರಡುವಾಗಲೇ ಕೂಡಿಸಿಕೊಳ್ಳಬೇಕು. ದಾರಿ 2,855 ಅಡಿಯ ಕಣಿವೆಬಾಯಿಗೆ ಏರಿ, ಅಲ್ಲಿಂದ ಸ್ವಿಫ್ಟ್ ನದಿಯ ಜೊತೆಗೇ ಇಳಿಯುತ್ತದೆ. ಸಬ್ಬಡೇ ಜಲಪಾತ, ರಾಕಿ ಗಾರ್ಜ್ ಎಂಬ ಕಲ್ಲಿನ ಸೀಳು, 1858ರಲ್ಲಿ ಕಟ್ಟಿದ ಮರದ ಮುಚ್ಚು ಸೇತುವೆ, ಹೀಗೆ ಒಂದೊಂದು ಕಡೆಯೂ ನಿಲ್ಲುವ ಜಾಗವನ್ನು ಮಾಡಿಟ್ಟಿದ್ದಾರೆ. ರಾತ್ರಿ ಕಾನ್ವೇ ಸಮೀಪ ತಂಗಿ, ಮರುದಿನ ಕ್ರಾಫರ್ಡ್ ನಾಚ್ ಮೂಲಕ ಸುತ್ತು ಮುಗಿಸಿದೆವು.

ಅಕ್ಟೋಬರ್ ಎರಡನೆಯ ಸೋಮವಾರ ಅಲ್ಲಿ ರಜಾ ದಿನ. ಆ ವಾರಾಂತ್ಯದಲ್ಲಿ ವಾಹನಗಳ ಸಾಲು ಮೈಲಿಗಟ್ಟಲೆ ನಿಲ್ಲುತ್ತದೆಂದು ಕೇಳಿದೆವು. ಹೋಗುವವರು ಅದನ್ನು ತಪ್ಪಿಸುವುದು ಮೇಲು.

ಬಣ್ಣ ಎಲ್ಲಿಂದ ಬರುತ್ತದೆ?

ಎಲೆಯ ಹಸಿರಿಗೆ ಪತ್ರಹರಿತು ಕಾರಣವೆಂಬುದು ಶಾಲಾ ಮಕ್ಕಳಿಗೂ ಗೊತ್ತು. ಹಗಲು ಮೊಟಕಾಗಿ ರಾತ್ರಿ ಉದ್ದವಾಗುತ್ತಿದ್ದಂತೆ ಮರ ಚಳಿಗಾಲಕ್ಕೆ ಸಿದ್ಧವಾಗುತ್ತದೆ. ಪತ್ರಹರಿತನ್ನು ಒಡೆದು, ಎಲೆಯಲ್ಲಿರುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟನ್ನು ಕೊಂಬೆಗೂ ಬೇರಿಗೂ ವಾಪಸು ಎಳೆದುಕೊಳ್ಳುತ್ತದೆ. ಬಿತ್ತನೆಯ ಕಾಲಕ್ಕೆಂದು ಕಾಳನ್ನು ಕಣಜಕ್ಕೆ ಸೇರಿಸಿದಂತೆ. ಹಸಿರು ಹೋದ ಮೇಲೆ, ಮೊದಲಿನಿಂದಲೂ ಎಲೆಯೊಳಗೇ ಇದ್ದ ಹಳದಿ ವರ್ಣದ್ರವ್ಯ ಹೊರಗೆ ಕಾಣುತ್ತದೆ. ಬರ್ಚ್ ಮತ್ತು ಆಸ್ಪೆನ್ ಮರಗಳ ಹೊಂಬಣ್ಣ ಇದೇ. ಓಕ್ ಮರದ ಕಂದು ಬಣ್ಣಕ್ಕೆ ಟ್ಯಾನಿನ್ ಕಾರಣ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಇದೇ ಜಾತಿಯ ವಸ್ತುವೇ.

ಕೆಂಪಿನ ಕಥೆ ಬೇರೆ. ಅದು ಎಲೆಯಲ್ಲಿ ಮೊದಲೇ ಇದ್ದುದಲ್ಲ. ಸಾಯುವ ಮುನ್ನ ಎಲೆ ಹೊಸದಾಗಿ ತಯಾರಿಸುವ ಆಂಥೊಸಯನಿನ್ ಎಂಬ ದ್ರವ್ಯ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಎಲೆಯಲ್ಲಿ ಸಕ್ಕರೆ ಉಳಿದು ಕೆಂಪು ಗಾಢವಾಗುತ್ತದೆ. ಕೆಂಪು ಮೇಪಲ್ ಮರ ಕುಂಕುಮದಂತೆಯೂ ಸಕ್ಕರೆ ಮೇಪಲ್ ಕೇಸರಿಯಾಗಿಯೂ ಉರಿಯುವುದು ಇದರಿಂದಲೇ. ಕೊನೆಗೆ ತೊಟ್ಟಿನ ಬುಡದಲ್ಲಿ ಪದರವೊಂದು ಬೆಳೆದು ಎಲೆಯನ್ನು ಕಳಚುತ್ತದೆ.

ನಮ್ಮಲ್ಲಿ ಈ ಕೆಂಪು ತಲೆಕೆಳಗಾಗಿದೆ ಎನ್ನಬಹುದು. ಅಲ್ಲಿ ಮುಪ್ಪಿನ ಎಲೆ ಕೆಂಪು. ಇಲ್ಲಿ ಎಳೆಯ ಎಲೆ ಕೆಂಪು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಸಾಗಡೆ ಮರ, ನಾಗಸಂಪಿಗೆ ಮರ ಚಿಗುರಿದಾಗ ದೂರದಿಂದ ಹೂ ಬಿಟ್ಟಂತೆ ತೋರುತ್ತದೆ. ಕೋಮಲವಾದ ಚಿಗುರನ್ನು ಬಿಸಿಲಿನಿಂದ ಕಾಯುವುದಕ್ಕೆ ಆಂಥೊಸಯನಿನ್ ನೆರವಾಗುತ್ತದೆಂಬುದು ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು. ಕೆಲವು ಅರೇಬಿಕಾ ತಳಿಗಳ ತಾಮ್ರವರ್ಣದ ಕುಡಿ, ಹಣ್ಣಾದ ಕಾಫಿಯ ಕೆಂಪು ಸಿಪ್ಪೆ, ಇವೂ ಇದೇ ವರ್ಣದ್ರವ್ಯದ ಕೆಲಸ. ಇನ್ನೊಂದು ವ್ಯತ್ಯಾಸ: ಅಲ್ಲಿಯ ಮರ ಚಳಿಗೆ ಹೆದರಿ ಎಲೆ ಉದುರಿಸಿದರೆ, ನಮ್ಮ ಮರ ಬೇಸಿಗೆಯಲ್ಲಿ ನೀರು ಉಳಿಸಲು ಉದುರಿಸುತ್ತದೆ.

ಛಾಯಾಚಿತ್ರ ತೆಗೆಯುವವರಿಗೆ

ನಡುಹಗಲಿನ ಬಿಸಿಲಿನಲ್ಲಿ ತೆಗೆದ ಚಿತ್ರಗಳಲ್ಲಿ ಎಲೆಯ ಹೊಳಪು ಬಿಳಿಚಿಕೊಂಡು ಬಣ್ಣ ಸತ್ತುಹೋಗುತ್ತದೆ. ಬೆಳಗ್ಗೆ ಸೂರ್ಯೋದಯದ ನಂತರದ ಒಂದು ಗಂಟೆ, ಸಂಜೆಯ ಕೊನೆಯ ಒಂದು ಗಂಟೆ ಉತ್ತಮ. ಮೋಡ ಕವಿದ ದಿನವೂ, ಮಳೆ ನಿಂತ ತರುವಾಯದ ಹೊತ್ತೂ ಕಾಡಿನೊಳಗಿನ ಚಿತ್ರಗಳಿಗೆ ಹೇಳಿಮಾಡಿಸಿದಂತಿರುತ್ತದೆ. ಆಗ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಬೇಕು. ಒದ್ದೆ ಎಲೆಯ ಮಿರುಗನ್ನು ತೆಗೆಯಲು ಪೋಲರೈಸಿಂಗ್ ಫಿಲ್ಟರ್ ಒಂದಿದ್ದರೆ ಸಾಕು. ಅದನ್ನು ತಿರುಗಿಸುತ್ತಿದ್ದಂತೆ ಒಳಗಿನ ಬಣ್ಣ ಎದ್ದು ಬರುವುದನ್ನು ಕಣ್ಣಾರೆ ಕಾಣಬಹುದು.

ಸೂರ್ಯ ಮರದ ಹಿಂದಿರುವಾಗ ಎಲೆ ದೀಪದಂತೆ ಬೆಳಗುತ್ತದೆ. ಡಿಜಿಟಲ್ ಕ್ಯಾಮರಾ ಆಗಲಿ, ಮೊಬೈಲ್ ಫೋನ್ ಆಗಲಿ, ದಟ್ಟ ಕೆಂಪನ್ನು ಹಿಡಿಯುವಾಗ ಎಕ್ಸ್‌ಪೋಷರನ್ನು ತುಸು ತಗ್ಗಿಸಬೇಕು. ಇಲ್ಲವಾದರೆ ಎಲೆಯ ನರಗಳು ಅಳಿಸಿಹೋಗಿ ಬರೀ ಕೆಂಪು ಕಲೆ ಉಳಿಯುತ್ತದೆ. ತೊರೆಯ ನೀರು ಹಾಲಿನಂತೆ ಕಾಣಬೇಕಾದರೆ ಮುಕ್ಕಾಲಿಯ ಮೇಲೆ ಕ್ಯಾಮರಾ ಇಟ್ಟು ಅರ್ಧದಿಂದ ಒಂದು ಸೆಕೆಂಡು ಶಟರ್ ತೆರೆದಿಡಬೇಕು. ಎಲ್ಲವೂ ಕೆಂಪಾದ ಚಿತ್ರಕ್ಕಿಂತ ಒಂದು ಬಿಳಿ ಬರ್ಚ್ ಕಾಂಡವೋ, ಕಡುಹಸಿರು ಸ್ಪ್ರೂಸ್ ಮರವೋ ನಡುವೆ ಇರುವ ಚಿತ್ರ ಹೆಚ್ಚು ಕಾಲ ಕಣ್ಣಲ್ಲಿ ನಿಲ್ಲುತ್ತದೆ. ಇವೆಲ್ಲ ಚಾರ್ಮಾಡಿಗೂ ಆಗುಂಬೆಗೂ ಅಷ್ಟೇ ಅನ್ವಯಿಸುವ ಮಾತುಗಳು. ರಸ್ತೆಯ ತಿರುವಿನಲ್ಲಿ ವಾಹನ ನಿಲ್ಲಿಸಬಾರದೆಂಬುದೂ ಸೇರಿ.

ಮೇಪಲ್ ಮತ್ತು ಅಲ್ಲಿಯ ಆಲೆಮನೆ

ಸಕ್ಕರೆ ಮೇಪಲ್ ಮರ ಕಣ್ಣಿಗೆ ಹಬ್ಬವಷ್ಟೇ ಅಲ್ಲ, ರೈತನಿಗೆ ಆದಾಯವೂ ಹೌದು. ಚಳಿಗಾಲ ಮುಗಿಯುವಾಗ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರಗಳಲ್ಲಿ, ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ರಸದಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟು ಮಾತ್ರ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಕುದಿಸುವ ಮನೆಯ ಹಬೆ, ಸಿಹಿ ವಾಸನೆ, ಒಲೆಯ ಉರಿ ಇವನ್ನೆಲ್ಲ ಕೇಳಿದರೆ ನಮ್ಮ ಆಲೆಮನೆಯೇ ನೆನಪಾಗುತ್ತದೆ. ತೂತು ಕೊರೆಯುವಷ್ಟು ದಪ್ಪವಾಗಲು ಮರಕ್ಕೆ ಸಾಮಾನ್ಯವಾಗಿ ನಲವತ್ತು ವರ್ಷ ಬೇಕು. ತಾತ ಉಳಿಸಿದ ಮರದಿಂದ ಮೊಮ್ಮಗ ರಸ ಇಳಿಸುತ್ತಾನೆ.

ಸಹಕಾರಿಗಳಾದ ನಮಗೆ ಇನ್ನೊಂದು ವಿಷಯ ಗಮನಾರ್ಹ. ಜಗತ್ತಿನ ಮೇಪಲ್ ಪಾಕದ ಬಹುಪಾಲು ಬರುವುದು ಗಡಿಯಾಚೆಯ ಕೆನಡಾದ ಕ್ವಿಬೆಕ್ ಪ್ರಾಂತದಿಂದ. ಅಲ್ಲಿಯ ಬೆಳೆಗಾರರು 1925ರಲ್ಲಿಯೇ ಮಾರಾಟಕ್ಕಾಗಿ ಸಹಕಾರ ಸಂಘ ಕಟ್ಟಿಕೊಂಡರು. ಸಿಟಡೆಲ್ ಎಂಬ ಹೆಸರಿನ ಆ ಸಂಘ ನಮ್ಮ ಕ್ಯಾಂಪ್ಕೊಗಿಂತ 48 ವರ್ಷ ಹಿರಿಯದು. ಇದಲ್ಲದೆ ಸುಗ್ಗಿ ಹೆಚ್ಚಾದ ವರ್ಷ ಪಾಕವನ್ನು ದಾಸ್ತಾನು ಮಾಡಿ, ಕೊರತೆಯ ವರ್ಷ ಬಿಡುಗಡೆ ಮಾಡುವ ವ್ಯವಸ್ಥೆಯನ್ನು ಅಲ್ಲಿಯ ಬೆಳೆಗಾರರ ಒಕ್ಕೂಟವೇ ನಡೆಸುತ್ತದೆ. ಬೆಲೆಯ ಏರಿಳಿತದಲ್ಲಿ ನೊಂದವರಿಗೆ ಇದರ ಬೆಲೆ ತಿಳಿದೀತು.

ಮಾರಿದ ಕಾಡು, ಮರಳಿ ಕೊಂಡ ಕಾಡು

ಇಷ್ಟು ಚೆಲುವಿನ ಕಾಡನ್ನು ನೋಡಿದವರು ಇದು ಅನಾದಿಯಿಂದ ಹೀಗೇ ಇದೆಯೆಂದು ತಿಳಿಯುವುದು ಸಹಜ. ಸತ್ಯ ಹಾಗಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಈ ಬೆಟ್ಟಗಳಲ್ಲಿ ಬಹುಭಾಗ ಬೋಳಾಗಿದ್ದವು.

1867ರಲ್ಲಿ ರಾಜ್ಯ ಸರ್ಕಾರವೇ ಇಲ್ಲಿಯ ತನ್ನ ಬೆಟ್ಟದ ಜಮೀನನ್ನು ಖಾಸಗಿಯವರಿಗೆ ಮಾರಿತು. ಮರದ ವ್ಯಾಪಾರಿಗಳು ಕಾಡಿನೊಳಕ್ಕೆ ರೈಲು ಹಳಿ ಹಾಕಿ ಕಂಡ ಮರವನ್ನೆಲ್ಲ ಸಾಗಿಸಿದರು. ನೆಲದಲ್ಲಿ ಉಳಿದ ಒಣ ರೆಂಬೆಕೊಂಬೆಗಳಿಗೆ ಎಂಜಿನ್ನಿನ ಕಿಡಿ ಬಿದ್ದು ಬೆಂಕಿ ಹತ್ತುತ್ತಿತ್ತು. 1903 ಮತ್ತು 1907ರ ಬೆಂಕಿಗಳಲ್ಲಿ ಮರ ಮಾತ್ರವಲ್ಲ, ಎಷ್ಟೋ ಕಡೆ ಮೇಲ್ಮಣ್ಣೂ ಸುಟ್ಟು ಬಂಡೆ ತೇಲಿತು.

ಇದಕ್ಕೆ ಮೊದಲು ದನಿ ಎತ್ತಿದವರಲ್ಲಿ ಪ್ರಕೃತಿಪ್ರಿಯರ ಜೊತೆಗೆ ಗಿರಣಿ ಮಾಲೀಕರೂ ಇದ್ದರೆಂಬುದು ವಿಶೇಷ. ಈ ಬೆಟ್ಟಗಳ ನೀರು ಸೇರುವ ಮೆರಿಮ್ಯಾಕ್ ನದಿಯ ದಡದಲ್ಲಿ ಮ್ಯಾಂಚೆಸ್ಟರ್, ಲೋವೆಲ್, ಲಾರೆನ್ಸ್ ಪಟ್ಟಣಗಳ ಬಟ್ಟೆ ಗಿರಣಿಗಳಿದ್ದವು. ಮೇಲೆ ಕಾಡು ಹೋದ ಮೇಲೆ ಕೆಳಗೆ ಒಮ್ಮೆ ಪ್ರವಾಹ, ಇನ್ನೊಮ್ಮೆ ನೀರಿಲ್ಲ ಎಂಬುದು ಅವರ ದೂರು. 1901ರಲ್ಲಿ ಅರಣ್ಯ ರಕ್ಷಣಾ ಸಂಘವೊಂದು ಸ್ಥಾಪನೆಯಾಯಿತು. ಹತ್ತು ವರ್ಷಗಳ ಹೋರಾಟದ ಫಲವಾಗಿ 1911ರ ಮಾರ್ಚ್ 1ರಂದು ವೀಕ್ಸ್ ಕಾಯಿದೆ ಜಾರಿಗೆ ಬಂತು. ಇದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದ ಜಾನ್ ವೀಕ್ಸ್ ಅವರ ಹೆಸರಿನ ಈ ಕಾಯಿದೆ, ನದಿಮೂಲದ ಜಮೀನನ್ನು ಒಪ್ಪಿದ ಮಾಲೀಕರಿಂದ ಹಣ ಕೊಟ್ಟು ಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಘೋಷಣೆಯಾಯಿತು. ಇಂದು ಅದರ ವಿಸ್ತೀರ್ಣ ಏಳು ಲಕ್ಷ ಎಕರೆಗೂ ಮಿಕ್ಕಿದೆ. ಲಿಂಕನ್ ಬಳಿ ನಾವು ನಡೆದ ಕಾಲುದಾರಿ ಹಿಂದೆ ಮರ ಸಾಗಿಸುತ್ತಿದ್ದ ರೈಲಿನ ಹಾದಿಯೇ. ಈಗ ಎರಡು ಬದಿಗೂ ಬರ್ಚ್, ಮೇಪಲ್ ಮರಗಳು ಕಮಾನು ಕಟ್ಟಿವೆ. ತಗ್ಗಿನ ಪ್ರದೇಶದ ಕಾಡುಗಳ ನಡುವೆ ಅಲ್ಲಲ್ಲಿ ಕಲ್ಲಿನ ಅಗಳುಗೋಡೆಗಳು ಕಾಣುತ್ತವೆ. ಅವು ಒಂದು ಕಾಲದ ಹೊಲ, ಕುರಿ ಮಂದೆಯ ಗಡಿಗಳು.

ಬಿಟ್ಟರೆ ಕಾಡು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲವೂ ಮರಳಿ ಬಂದಿಲ್ಲ. ಹೊರನಾಡಿನಿಂದ ಬಂದ ಕೀಟ ಮತ್ತು ಶಿಲೀಂಧ್ರ ಜೊತೆಗೂಡಿ ತರುವ ತೊಗಟೆ ರೋಗದಿಂದ ಬೀಚ್ ಮರಗಳು ಇಂದಿಗೂ ಸಾಯುತ್ತಿವೆ. ನುಣುಪಾಗಿರಬೇಕಾದ ಆ ಕಾಂಡಗಳ ತುಂಬ ಹುಣ್ಣುಗಳನ್ನು ನಾವೇ ಕಂಡೆವು.

ನಾವು ಯೋಚಿಸಬೇಕಾದುದು

ಕಾವೇರಿ, ಹೇಮಾವತಿ, ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲದಲ್ಲಿ ಕುಳಿತವರು ನಾವು. ಇಲ್ಲಿ ಕಾಡು ಎಂದರೆ ಸರ್ಕಾರಿ ಅರಣ್ಯ ಮಾತ್ರವಲ್ಲ. ಕಾಫಿ ತೋಟದ ನೆರಳಿನ ಮರ, ಅಡಿಕೆ ತೋಟದ ಹಿಂದಿನ ಸೊಪ್ಪಿನ ಬೆಟ್ಟ ಎಲ್ಲವೂ ಸೇರಿದ್ದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಹಿಂದಿನ ಪದ್ಧತಿಯ ಅರ್ಥವೂ ಇದೇ. ಬೆಲೆ ಬಂದಾಗ ಅತ್ತಿ, ಬಸರಿ, ಗೋಣಿ ಮರಗಳನ್ನು ತೆಗೆದು ಬರೀ ಸಿಲ್ವರ್ ಓಕ್ ನೆಡುವುದು ಲೆಕ್ಕಕ್ಕೆ ಲಾಭವಾಗಿ ಕಾಣಬಹುದು. ಆದರೆ ಕಳೆದುಕೊಂಡ ನೆರಳನ್ನು ಮರಳಿ ಪಡೆಯಲು ಅಲ್ಲಿಯವರಿಗೆ ಒಂದು ಕಾಯಿದೆ, ಸರ್ಕಾರದ ಹಣ, ನೂರು ವರ್ಷ ಬೇಕಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡ ನಮಗೆ ಅಷ್ಟು ಕಾಯುವ ವ್ಯವಧಾನವಿದೆಯೇ ಎಂದು ಪ್ರತಿಯೊಬ್ಬ ಬೆಳೆಗಾರನೂ ಕೇಳಿಕೊಳ್ಳಬೇಕು.

ಕೊನೆಗೊಂದು ಸಲಹೆ. ಬರುವ ಫೆಬ್ರವರಿಯಿಂದ ತಮ್ಮ ತೋಟದ ನಾಲ್ಕೈದು ಮರಗಳನ್ನು ಗೊತ್ತುಮಾಡಿಕೊಂಡು, ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಒಂದೊಂದು ಚಿತ್ರ ತೆಗೆದಿಡಿ. ಎಲೆ ಉದುರಿದ ದಿನ, ಚಿಗುರಿದ ದಿನ, ಹೂ ಬಿಟ್ಟ ದಿನ, ಮೊದಲ ಮಳೆ ಬಿದ್ದ ದಿನ ಇವನ್ನು ಡೈರಿಯಲ್ಲಿ ಬರೆದಿಡಿ. ಮರಗಳ ಋತುಚಕ್ರವನ್ನು ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಮ್ಮ ದೇಶದಲ್ಲಿಯೂ ಇದೆ. ಶಾಲಾ ಮಕ್ಕಳೂ ಸೇರಬಹುದು. ಹತ್ತು ವರ್ಷದ ಇಂತಹ ದಾಖಲೆ ಕೈಯಲ್ಲಿದ್ದರೆ ಹವಾಮಾನ ಎತ್ತ ಸರಿಯುತ್ತಿದೆ ಎಂಬುದು ನಮ್ಮ ತೋಟದ ಮಟ್ಟಿಗೆ ನಮಗೇ ತಿಳಿಯುತ್ತದೆ. ಅದಕ್ಕೆ ದುಬಾರಿ ಕ್ಯಾಮರಾ ಬೇಡ. ಜೇಬಿನಲ್ಲಿರುವ ಫೋನು ಸಾಕು, ಮರ ಮಾತ್ರ ಇರಬೇಕು.