ಅಟ್ಟದ ಮೇಲಿನ ನಾವಿಕ

ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ ನಮ್ಮ ದೊಡ್ಡಪ್ಪನವರ ಹಂಚಿನ ಮನೆಯನ್ನು ಕೆಡವುವ ಮುನ್ನ ಅಟ್ಟ ಖಾಲಿ ಮಾಡಿದಾಗ, ಕಟ್ಟು ಹಾಕಿಸಿದ ಎಂಟು ಹಳೆಯ ಭಾವಚಿತ್ರಗಳು ಸಿಕ್ಕವು. ಹಳೆಯ ಸಾಮಾನು ಕೊಳ್ಳಲು ಬಂದಿದ್ದ ವ್ಯಾಪಾರಿ ಒಂದೊಂದನ್ನೇ ತಿರುಗಿಸಿ ನೋಡಿ, ‘ಫೋಟೊ ನೀವೇ ಇಟ್ಕೊಳ್ಳಿ ಸಾರ್, ಬೀಟೆ ಕಟ್ಟು ಮಾತ್ರ ಕೊಡಿ’ ಎಂದ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ವ್ಯವಹಾರ ಹೀಗೆಯೇ ಮುಗಿದಿದೆ. ಚೌಕಟ್ಟು ಪೇಟೆಗೆ ಹೋಗುತ್ತದೆ. ಅದರೊಳಗಿದ್ದ ಮನುಷ್ಯ ಬಚ್ಚಲೊಲೆಗೆ ಹೋಗುತ್ತಾನೆ.

ಹಳೆಯ ಭಾವಚಿತ್ರಗಳನ್ನು, ಅದರಲ್ಲೂ ಸಮವಸ್ತ್ರ ಧರಿಸಿದವರ ಚಿತ್ರಗಳನ್ನು ಸಂಗ್ರಹಿಸುವ ಗೀಳು ನನಗೆ ಬಹಳ ವರ್ಷಗಳಿಂದ ಇದೆ. ಆದ್ದರಿಂದ ಕಟ್ಟನ್ನೂ ಕೊಡಲಿಲ್ಲ. ಎಂಟರಲ್ಲಿ ಏಳು ನಮ್ಮವರದೇ: ಪೇಟ, ಕರಿಕೋಟು, ಪಕ್ಕದಲ್ಲಿ ಹೂಕುಂಡ. ಎಂಟನೆಯದು ನಾವಿಕನೊಬ್ಬನದು. ಅಗಲವಾದ ಕಾಲರಿನ ಅಂಗಿ, ದುಂಡು ಟೋಪಿ, ಇಪ್ಪತ್ತು ತುಂಬಿರದ ಮುಖ. ಸಮುದ್ರವನ್ನು ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಊರಿನ ಅಟ್ಟಕ್ಕೆ ಇವನು ಬಂದದ್ದು ಹೇಗೆ?

ಇಂಥ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆಯನ್ನು ನಾನು ಕಲಿತದ್ದು ಅಮೆರಿಕದ ಸಂಗ್ರಾಹಕರ ಬರಹಗಳಿಂದ. ಅಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದ ಕಾಲಕ್ಕೆ ಸರಿಯಾಗಿ ಅಂಗೈಯಗಲದ ರಟ್ಟಿನ ಭಾವಚಿತ್ರಗಳು ಅಗ್ಗವಾಗಿದ್ದವು. ಪ್ಯಾರಿಸ್ಸಿನ ಡಿಸ್ಡೆರಿ 1854ರಲ್ಲಿ ಹಕ್ಕುಸ್ವಾಮ್ಯ ಪಡೆದ ಈ ಪದ್ಧತಿಯಲ್ಲಿ ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರಗಳು ಮೂಡುತ್ತಿದ್ದವು. ಹಡಗು ಹತ್ತುವ ಮುನ್ನ ಅಧಿಕಾರಿಗಳು ಸ್ಟುಡಿಯೊಗೆ ಹೋಗಿ ಕುಳಿತರು. ಅವನ್ನು ಇಂದು ಸಂಗ್ರಹಿಸುವವರು ಮುಖಕ್ಕಿಂತ ಮೊದಲು ತೋಳನ್ನು ನೋಡುತ್ತಾರೆ. ನೌಕಾಪಡೆಯ ತೋಳುಪಟ್ಟೆಗಳ ನಿಯಮ ಯುದ್ಧದ ನಡುವೆಯೇ ಹಲವು ಸಲ ಬದಲಾದುದರಿಂದ, ಪಟ್ಟೆ ಎಣಿಸಿದರೆ ಹುದ್ದೆಯ ಜೊತೆಗೆ ಕಾಲವೂ ತಿಳಿಯುತ್ತದೆ. ಬೆನ್ನಿಗೆ ತೆರಿಗೆಯ ಅಂಚೆಚೀಟಿಯಂಥ ಚೀಟಿ ಇದ್ದರೆ ಇನ್ನೂ ಸುಲಭ. ಸರ್ಕಾರ ಯುದ್ಧದ ಖರ್ಚಿಗಾಗಿ ಫೋಟೊಗಳ ಮೇಲೆ ಹಾಕಿದ್ದ ಆ ತೆರಿಗೆ 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್‌ವರೆಗೆ ಮಾತ್ರ ಇತ್ತು.

ಇಷ್ಟಾದರೂ ಬಹುಪಾಲು ಚಿತ್ರಗಳಿಗೆ ಹೆಸರಿಲ್ಲ. ಲಿಲ್ಜೆನ್‌ಕ್ವಿಸ್ಟ್ ಕುಟುಂಬ 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ದಾನ ಮಾಡಿದ ನೂರಾರು ಯೋಧರ ಭಾವಚಿತ್ರಗಳಲ್ಲಿ ಹೆಚ್ಚಿನವರು ಯಾರೆಂದು ಗೊತ್ತಿಲ್ಲ. ಹೆಸರಿದ್ದ ಚಿತ್ರಕ್ಕೆ ಬೆಲೆ ಹೆಚ್ಚು. ಹಾಗಾಗಿ ಬೆನ್ನ ಮೇಲೆ ಹಳೆಯ ಶಾಯಿಯಂತೆ ಕಾಣುವ ಸುಳ್ಳು ಹೆಸರು ಬರೆದು ಮಾರುವವರೂ ಅಲ್ಲಿದ್ದಾರೆ.

ನಮ್ಮ ನಾವಿಕನಿಗೆ ತೋಳುಪಟ್ಟೆ ಇರಲಿಲ್ಲ. ಟೋಪಿಯ ಪಟ್ಟಿಯ ಮೇಲೆ ‘ಎಚ್.ಎಂ.ಐ.ಎಸ್.’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು, ಅಷ್ಟೇ. ಅಂದರೆ ರಾಯಲ್ ಇಂಡಿಯನ್ ನೇವಿ. ಆ ಹೆಸರು ಬಂದದ್ದು 1934ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಗೆ ಸುಳಿವು ಸಿಗಬಾರದೆಂದು ಟೋಪಿಯಿಂದ ಹಡಗಿನ ಹೆಸರನ್ನು ಕೈಬಿಡುತ್ತಿದ್ದರು. ಚಿತ್ರ ಆ ವರ್ಷಗಳದ್ದಿರಬೇಕು. ಸ್ಟುಡಿಯೊದ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಬೆನ್ನು ನೋಡೋಣವೆಂದರೆ, ನಮ್ಮ ಮಳೆಗಾಲಗಳ ಥಂಡಿಗೆ ಚಿತ್ರ ಗಾಜಿಗೇ ಅಂಟಿಕೊಂಡಿತ್ತು. ಹಾಗೆ ಅಂಟಿದ್ದನ್ನು ಕಿತ್ತರೆ ಮುಖ ಗಾಜಿನ ಮೇಲೇ ಉಳಿದುಬಿಡುತ್ತದೆ. ಹಿಂದೊಮ್ಮೆ ನಾನೇ ಅವಸರಪಟ್ಟು ಒಬ್ಬ ಅಜ್ಜಿಯ ಮುಖ ಕಳೆದಿದ್ದೇನೆ. ಈ ಸಲ ಗಾಜಿನೊಂದಿಗೇ ಬಿಟ್ಟು, ಹಿಂದಿನ ಹಲಗೆಯನ್ನಷ್ಟೇ ಬಿಚ್ಚಿದೆ. ರಟ್ಟಿನ ಬೆನ್ನು ಖಾಲಿ.

ದೊಡ್ಡಮ್ಮನನ್ನು ಕೇಳಿದೆ. ಕನ್ನಡಕ ತರಿಸಿ, ಬೆಳಕಿಗೆ ಹಿಡಿದು ನೋಡಿದರು. ‘ಇದು ನಿನ್ನ ಚಿಕ್ಕಜ್ಜನೇ ಮಾರಾಯ, ಬೊಂಬಾಯಿಗೆ ಹೋದವರು’ ಎಂದರು. ಸ್ವಲ್ಪ ಹೊತ್ತಿಗೆ, ‘ಅಲ್ಲ, ಅತ್ತೆಯವರ ತಮ್ಮ ಇರಬೇಕು. ಅವರೂ ಓಡಿಹೋಗಿದ್ದರಂತೆ’ ಎಂದರು. ಮದುವೆಯಾಗಿ ಈ ಮನೆಗೆ ಬರುವಷ್ಟರಲ್ಲಿ ಇಬ್ಬರೂ ಇರಲಿಲ್ಲವಾದುದರಿಂದ ಅವರು ಯಾರನ್ನೂ ಕಂಡವರಲ್ಲ. ಕಂಡಿದ್ದ ನನ್ನಜ್ಜಿ ತೀರಿಕೊಂಡು ಮೂವತ್ತು ವರ್ಷವಾಯಿತು. ಈ ಚಿತ್ರ ಆಗಲೂ ಅಟ್ಟದಲ್ಲೇ ಇತ್ತು, ನಾನೂ ಅದೇ ಅಟ್ಟದ ಕೆಳಗೆ ರಜೆ ಕಳೆಯುತ್ತಿದ್ದೆ. ಕೇಳಲಿಲ್ಲ.

ಸುದ್ದಿ ತಿಳಿದ ಊರಿನ ಉತ್ಸಾಹಿಯೊಬ್ಬರು ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ಚಿತ್ರ ಬೇಕೆಂದರು. 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ಆರಂಭವಾದ ನಾವಿಕರ ಬಂಡಾಯ ಕರಾಚಿಯವರೆಗೆ ಹಬ್ಬಿತ್ತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ‘ಬಂಡೆದ್ದ ಬೇಗಾರಿನ ವೀರ ಅಂತ ಬರೆದರಾಯಿತು, ಇಲ್ಲವೆನ್ನುವವರು ಯಾರಿದ್ದಾರೆ?’ ಎಂದರು. ಇಲ್ಲವೆನ್ನುವವರು ಯಾರೂ ಇಲ್ಲ ಎಂಬುದೇ ನನ್ನ ಕೈ ಕಟ್ಟಿತು. ಅವನು ಬಂಡೆದ್ದಿರಬಹುದು, ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿರಲೂಬಹುದು, ಅಷ್ಟರೊಳಗೆ ಸತ್ತೇಹೋಗಿರಬಹುದು. ಹೆಸರನ್ನು ಕಳೆದವರು ನಾವು. ಅದರ ಬದಲಿಗೆ ಬಿರುದೊಂದನ್ನು ಕೊಟ್ಟು ತಪ್ಪಿಸಿಕೊಳ್ಳುವುದು ಆ ಹುಡುಗನಿಗೆ ಮಾಡುವ ಎರಡನೆಯ ಅನ್ಯಾಯವೆನಿಸಿತು. ಚಿತ್ರ ಕೊಡಲಿಲ್ಲ. ಅವರು ಮುನಿಸಿಕೊಂಡರು.

ಉಳಿದ ಏಳು ಚಿತ್ರಗಳ ಬೆನ್ನಿಗೆ ದೊಡ್ಡಮ್ಮ ಹೇಳಿದ ಹೆಸರುಗಳನ್ನು, ಹೇಳಿದವರು ಯಾರೆಂಬುದನ್ನೂ ಸೇರಿಸಿ ಮೆದು ಪೆನ್ಸಿಲಿನಲ್ಲಿ ಬರೆದೆ. ಶಾಯಿಯಾದರೆ ಥಂಡಿಗೆ ಇಳಿದು ಮುಂದಕ್ಕೆ ಮೂಡುತ್ತದೆ. ಎಂಟನೆಯದರ ಬೆನ್ನಿಗೆ ಹೀಗೆ ಬರೆದೆ: ‘ಬೇಗಾರು. ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ರಾಯಲ್ ಇಂಡಿಯನ್ ನೇವಿ. 1939-45 ಇರಬಹುದು. ಚಿಕ್ಕಜ್ಜ ಅಥವಾ ಅಜ್ಜಿಯ ತಮ್ಮ ಎಂದು ದೊಡ್ಡಮ್ಮನ ಊಹೆ. ಹೆಸರು:’. ಮುಂದೆ ಒಂದು ಗೆರೆಯಷ್ಟು ಜಾಗ ಬಿಟ್ಟಿದ್ದೇನೆ.