ಹದಿನೈದು ವ್ಯಾಟಿನ ವಾಲ್ವು, ಒಂದು ಮಿಲಿವ್ಯಾಟಿನ ಓಣಿ

ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಹಳೇ ಓಣಿಯ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ರಾತ್ರಿ ಹತ್ತರ ಮೇಲೆ ವಾಲ್ವ್ ಆಂಪ್ಲಿಫೈಯರ್ ಹಚ್ಚಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವವನ ಪಾಲಿಗೆ ಎಷ್ಟು ವ್ಯಾಟ್ ಬರುತ್ತದೆ? ನನ್ನ ಲೆಕ್ಕದಲ್ಲಿ ಒಂದು ಮಿಲಿವ್ಯಾಟ್, ವ್ಯಾಟಿನ ಸಾವಿರದಲ್ಲೊಂದು ಪಾಲು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಖಾಸಗಿ ಧ್ವನಿ ಉಪಕರಣದ ಸದ್ದು ಜಾಗದ ಗಡಿಯಲ್ಲಿ ಇದಕ್ಕಿಂತ 5 ಡೆಸಿಬೆಲ್ ಹೆಚ್ಚಿರಬಹುದು, ಅಷ್ಟೇ. ರಾತ್ರಿಗೆ 50 ಎಂದಾಯಿತು. ಇತ್ತ ಗಿಟಾರಿನವರ ಮೆಚ್ಚಿನ ಸೆಲೆಸ್ಟಿಯನ್ ವಿಂಟೇಜ್ 30 ಎಂಬ 12 ಇಂಚಿನ ಸ್ಪೀಕರ್ ಒಂದೇ ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 100 ಡೆಸಿಬೆಲ್ ಕೂಗುತ್ತದೆ.

ಗೋಡೆ ತಡೆಯುವುದಿಲ್ಲವೇ? ಗಾರೆ ಮೆತ್ತಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ನುಂಗೀತು. ಆದರೆ ಹಂಚಿನ ಮನೆಯಲ್ಲಿ ಗೋಡೆಯ ನೆತ್ತಿಯನ್ನು ನೋಡಿ: ತೊಲೆ ಕೂತಲ್ಲಿ, ಹಂಚು ಎದ್ದಲ್ಲಿ, ಪಕ್ಕದ ಮನೆಯ ದೀಪದ ಬೆಳಕು ಇಣುಕುತ್ತಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಯ ಮೇಲೆ ಉದ್ದಕ್ಕೂ ಒಂದೂಕಾಲು ಇಂಚು ಸಂದಿದ್ದರೆ ಅದು ಸುಮಾರು ಒಂದು ಚದರಡಿ, ನೂರರಲ್ಲಿ ಒಂದು ಪಾಲು. ಅಷ್ಟು ತೆರೆದಿದ್ದರೆ ಸಾಕು, ಉಳಿದ 99 ಪಾಲು ಕೋಟೆಯ ಕಲ್ಲೇ ಇದ್ದರೂ ತಡೆ 20 ಡೆಸಿಬೆಲ್ ದಾಟದು. ಹಾಗಾಗಿ ಕೋಣೆಯೊಳಗೆ 70 ಮೀರುವಂತಿಲ್ಲ. ಪ್ರತಿ 10 ಡೆಸಿಬೆಲ್ ಇಳಿಸಲು ವಿದ್ಯುತ್ತು ಹತ್ತನೇ ಒಂದಾಗಬೇಕು. 100ರಿಂದ 70ಕ್ಕೆ ಬಂದರೆ ಉಳಿಯುವುದು ಆ ಒಂದು ಮಿಲಿವ್ಯಾಟ್. ಅಂಗಡಿಗೆ ಓಡುವ ಮೊದಲು ಸಂದಿಗೆ ಮಣ್ಣು ಮೆತ್ತುವುದು ಲೇಸು. ಅಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ನಾನು ಮೆತ್ತಲಿಲ್ಲ, ಸಣ್ಣ ಆಂಪ್ ತಂದೆ. ಹದಿನೈದು ವ್ಯಾಟಿನದು ಬಿಟ್ಟು ಒಂದು ವ್ಯಾಟಿನದು. ಇಳಿದದ್ದು ಬರೀ 12 ಡೆಸಿಬೆಲ್. ಕಿವಿಗೆ ಅರ್ಧಕ್ಕಿಂತ ತುಸು ಕಡಿಮೆ ಅನಿಸಿತು, ಅಷ್ಟೇ. ಮೊದಲ ದಿನವೇ ಗೋಡೆಯಾಚೆಯಿಂದ ಕಾಕುನ ದನಿ: ‘ಸಣ್ಣಗ ಬಾರ್ಸಪಾ ತಮ್ಮಾ, ಕೂಸು ಈಗರ ಮಲಗೇತಿ.’

ವಾಲ್ಯೂಮ್ ತಿರುವಿ ಇಳಿಸಿದರಾಗದೇ ಎಂದರೆ, ಇಳಿಯುತ್ತದೆ, ಆದರೆ ರುಚಿಯೂ ಇಳಿಯುತ್ತದೆ. ಕೊನೆಯ ವಾಲ್ವುಗಳು ದಣಿಯುವ ತನಕ ದುಡಿದಾಗಲೇ ಆ ಒರಟು ಸಿಹಿ ಹುಟ್ಟುವುದು. ಆಂಪಿಗೂ ಸ್ಪೀಕರಿಗೂ ನಡುವೆ 20 ಡೆಸಿಬೆಲ್ ಕುಡಿಯುವ ಅಟೆನ್ಯುಯೇಟರ್ ಇಟ್ಟರೆ ಹದಿನೈದು ವ್ಯಾಟ್ 0.15ಕ್ಕೆ ಬರುತ್ತದೆ, ಸದ್ದು ಇನ್ನೂ 92. ನಮಗೆ ಬೇಕಾದ ಇಳಿತ 42. ಸ್ಪೀಕರಿನ ಜಾಗದಲ್ಲಿ ಲೋಡ್ ಬಾಕ್ಸ್ ಕೂರಿಸಿ ಹೆಡ್‌ಫೋನ್ ಹಾಕಿಕೊಳ್ಳುವುದೇ ಉಳಿದ ದಾರಿ. ಸ್ಪೀಕರ್ ಕಿತ್ತು ಬರಿದೇ ಬಾರಿಸಿದಿರೋ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಕರೆಂಟಿನ ಲೆಕ್ಕ ಇನ್ನೂ ಮೋಜಿನದು. ಒಂದು ಇಎಲ್84 ವಾಲ್ವಿನ ಹೀಟರಿಗೆ 6.3 ವೋಲ್ಟಿನಲ್ಲಿ 0.76 ಆಂಪಿಯರ್, ಅಂದರೆ 4.8 ವ್ಯಾಟ್, ಇಸಿಸಿ83ಕ್ಕೆ 1.9. ಅವು ಎರಡು, ಇವು ಮೂರು ಇದ್ದರೆ ತಂತಿ ಮೀಟುವ ಮೊದಲೇ 15 ವ್ಯಾಟ್ ಬರೀ ಬಿಸಿಗೆ ಖರ್ಚು. ಇಡೀ ಆಂಪಿಗೆ 60 ವ್ಯಾಟ್ ಹಿಡಿಯೋಣ. ದಿನಕ್ಕೆರಡು ತಾಸಿನಂತೆ ತಿಂಗಳಿಗೆ 3.6 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 21 ರೂಪಾಯಿ 60 ಪೈಸೆ. ಗೃಹಜ್ಯೋತಿಯ ಮಿತಿಯೊಳಗಿದ್ದರೆ ಹೆಸ್ಕಾಂಗೆ ಅದನ್ನೂ ಕೊಡಬೇಕಿಲ್ಲ. ಆದರೆ ಗೋಡೆಯಿಂದ ಎಳೆದ 60 ವ್ಯಾಟಿನಲ್ಲಿ ರಾತ್ರಿಯ ಸದ್ದಿಗೆ ಸಲ್ಲುವುದು ಅರವತ್ತು ಸಾವಿರದಲ್ಲೊಂದು ಪಾಲು. ಉಳಿದದ್ದರಲ್ಲಿ ಕೈ ಕಾಯಿಸಿಕೊಳ್ಳಬಹುದು.

ಈ ಇಎಲ್84 ಗಿಟಾರಿಗೆಂದು ಹುಟ್ಟಿದ್ದಲ್ಲ, ಮನೆಯ ರೇಡಿಯೋಗೆ. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವು ಮಾಡಿತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು ಕೇಳಲು ಪಡಸಾಲೆಯ ವಾಲ್ವ್ ಸೆಟ್ ಹಚ್ಚಿ, ಬಿಸಿಯಾಗುವ ತನಕ ಕಾದು ಕೂತವರ ಮನೆಗಳೇ ಇವು.

ಹೆಡ್‌ಫೋನಿನಲ್ಲಿ ಎದೆಗೆ ಗುದ್ದುವ ಗಾಳಿ ಇಲ್ಲ, ನಿಜ. ಸ್ಪೀಕರನ್ನೇ ಸಣ್ಣಗೆ ಮಾಡಿದರೂ ಸೊರಗುತ್ತದೆ: ಸದ್ದು ಇಳಿದಂತೆ ಕಿವಿಗೆ ಮಂದ್ರ ಮೊದಲು ಮಾಯ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ನನ್ನದು ಹಗಲಿನ ಲೆಕ್ಕ. ಹಗಲಿಗೆ 10 ಡೆಸಿಬೆಲ್ ಹೆಚ್ಚು ಸಿಗುವುದರಿಂದ ಹತ್ತು ಮಿಲಿವ್ಯಾಟ್. ಅದೂ ನಾಲ್ಕು ಗಂಟೆಯ ಮೇಲೆ, ಕೂಸು ಎದ್ದ ನಂತರ.