ಅರ್ಥಿಂಗ್ ಗುಂಡಿಗೂ ನೀರು ಬೇಕು

ತುಂಗಭದ್ರೆಯ ದಂಡೆಯ ಸಿಂಗಟಾಲೂರು ವೀರಭದ್ರೇಶ್ವರ ದೇವಸ್ಥಾನದಿಂದಲೂ ಏತ ನೀರಾವರಿ ಯೋಜನೆಯಿಂದಲೂ ನಾಡಿಗೆ ಪರಿಚಿತವಾದ ಊರು. ಹಮ್ಮಿಗಿ ಬಳಿಯ ಬ್ಯಾರೇಜಿನಲ್ಲಿ ನಿಂತ ನೀರನ್ನು ಎತ್ತರದ ಹೊಲಗಳಿಗೆ ಏರಿಸುವ ಭಾರಿ ಮೋಟಾರುಗಳು ವಿದ್ಯುತ್ತಿನಿಂದಲೇ ತಿರುಗುತ್ತವೆ. ಇಂಥ ಅಧಿಕ ಒತ್ತಡದ ಸ್ಥಾವರಗಳ ಪರಿಶೀಲನೆಗೆ 2003ರ ವಿದ್ಯುತ್ ಕಾಯ್ದೆಯ 162ನೇ ಕಲಮಿನಂತೆ ನೇಮಕವಾದ ವಿದ್ಯುತ್ ಪರಿವೀಕ್ಷಕರಿದ್ದಾರೆ. ಅದೇ ಊರಿನ ಮನೆಗಳ ಸ್ಥಿತಿ ಬೇರೆ. ಹೊಸ ಸಂಪರ್ಕ ಪಡೆಯುವಾಗ ಪರವಾನಗಿ ಪಡೆದ ಗುತ್ತಿಗೆದಾರನ ಪರೀಕ್ಷಾ ವರದಿ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಕಚೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಮೀಟರಿನಿಂದ ಒಳಗಿನ ತಂತಿಯ ಹೊಣೆ ಮನೆಯ ಮಾಲೀಕನದಾದ್ದರಿಂದ, ಶಾಕ್ ಹೊಡೆಯುವವರೆಗೆ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ.

ಮನೆಯ ತಪಾಸಣೆಯಲ್ಲಿ ಮುಖ್ಯವಾದ ಅಳತೆಗಳು ಎರಡು. ಮೊದಲನೆಯದು ನಿರೋಧಕತೆ, ಅಂದರೆ ತಂತಿಯ ಮೇಲಿನ ಹೊದಿಕೆ ವಿದ್ಯುತ್ತನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟಿದೆ ಎಂಬುದು. ಮೇನ್ ಸ್ವಿಚ್ ಆರಿಸಿ, ಬಲ್ಬುಗಳನ್ನೂ ಉಪಕರಣಗಳನ್ನೂ ತೆಗೆದು, ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್ ಒತ್ತಡ ಹಾಕಿದಾಗ ಮುಳ್ಳು ಕನಿಷ್ಠ 1 ಮೆಗಾಓಮ್, ಎಂದರೆ ಹತ್ತು ಲಕ್ಷ ಓಮ್, ತೋರಿಸಬೇಕು. ಎರಡನೆಯದು ಭೂಸಂಪರ್ಕದ, ಜನರ ಮಾತಿನಲ್ಲಿ ಅರ್ಥಿಂಗಿನ, ಅಳತೆ. ಸಿಂಗಟಾಲೂರಿನಂಥ ಊರಿನಲ್ಲಿ ಅತ್ಯಂತ ಕುತೂಹಲದ ಸಂಗತಿ ಇರುವುದು ಇದರಲ್ಲಿಯೇ.

ಅರ್ಥಿಂಗ್ ಗುಂಡಿಯೆಂದರೆ ಸುಮಾರು ಎರಡೂವರೆ ಮೀಟರ್ ಉದ್ದದ ರಂಧ್ರಗಳಿರುವ ಕಬ್ಬಿಣದ ಪೈಪನ್ನು ನೆಲದಲ್ಲಿ ನೆಟ್ಟು, ಸುತ್ತಲೂ ಉಪ್ಪು ಮತ್ತು ಇದ್ದಿಲನ್ನು ಪದರ ಪದರವಾಗಿ ತುಂಬಿ, ಅದಕ್ಕೆ ಮನೆಯ ಹಸಿರು ತಂತಿಯನ್ನು ಕಟ್ಟುವ ವ್ಯವಸ್ಥೆ. ಉಪ್ಪು ತೇವದಲ್ಲಿ ಕರಗಿ ಮಣ್ಣಿಗೆ ವಿದ್ಯುತ್ತನ್ನು ಒಯ್ಯುವ ಗುಣ ಕೊಡುತ್ತದೆ, ಇದ್ದಿಲು ಆ ತೇವವನ್ನು ಹಿಡಿದಿಡುತ್ತದೆ. ಪೈಪಿನ ಬಾಯಿಗೆ ಜಾಳಿಗೆಯುಳ್ಳ ಒಂದು ಆಲಿಕೆ ಇರುತ್ತದೆ. ಬೇಸಿಗೆಯಲ್ಲಿ ಅದರೊಳಗೆ ನೀರು ಸುರಿಯಲೆಂದೇ ಅದನ್ನು ಇಡಲಾಗಿದೆ. ಸಿಂಗಟಾಲೂರು ಇರುವ ಮುಂಡರಗಿ ಸೀಮೆಯ ರೈತರು ನೆಲವನ್ನು ಎರೆ (ಕಪ್ಪು ನೆಲ) ಮತ್ತು ಮಸಾರಿ (ಕೆಂಪು ನೆಲ) ಎಂದು ಬೇರ್ಪಡಿಸುವುದು ಬೆಳೆಯ ದೃಷ್ಟಿಯಿಂದಾದರೂ, ಅದೇ ವಿಂಗಡಣೆ ಅರ್ಥಿಂಗಿಗೂ ಅನ್ವಯಿಸುತ್ತದೆ. ಮಸಾರಿ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಎರೆ ನೆಲ ಹಸಿಯಾಗಿದ್ದಾಗ ಉತ್ತಮ ವಾಹಕ. ಆದರೆ ಚೈತ್ರ-ವೈಶಾಖದ ಬಿಸಿಲಿಗೆ ಅದು ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಪೈಪಿನ ಸುತ್ತಲೂ ಮಣ್ಣು ದೂರ ಸರಿದರೆ ನೆಲಕ್ಕೂ ಲೋಹಕ್ಕೂ ಇದ್ದ ನಂಟೇ ಸಡಿಲವಾಗುತ್ತದೆ. ತಂತಿಯ ಹೊದಿಕೆಯ ದೌರ್ಬಲ್ಯ ಹೊರಬೀಳುವುದು ಮಾತ್ರ ಗೋಡೆ ನೆನೆದ ಮಳೆಗಾಲದಲ್ಲಿ. ಆದ್ದರಿಂದ ಗುಂಡಿಯನ್ನು ಬೇಸಿಗೆಯಲ್ಲಿಯೂ ತಂತಿಯನ್ನು ಮಳೆಗಾಲದಲ್ಲಿಯೂ ಅಳೆಯುವುದೇ ನಿಜವಾದ ಪರೀಕ್ಷೆ. ಹದವಾದ ಕಾಲದ ಅಳತೆ ಸಮಾಧಾನ ಕೊಡಬಹುದೇ ಹೊರತು ಭದ್ರತೆಯನ್ನಲ್ಲ.

ಅಳತೆಯ ಮಹತ್ವ ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಮನೆಯ ಗುಂಡಿಯ ಪ್ರತಿರೋಧ 10 ಓಮ್, ಊರಿನ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಭೂಸಂಪರ್ಕದ್ದು 5 ಓಮ್ ಎಂದಿಟ್ಟುಕೊಂಡರೆ, ಫ್ರಿಜ್ಜಿನ ಮೈಗೆ ಫೇಸ್ ತಂತಿ ತಗುಲಿದಾಗ ಹರಿಯುವುದು ಸುಮಾರು 15 ಆಂಪಿಯರ್ ಮಾತ್ರ. ಆಗ 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ಫ್ರಿಜ್ಜಿನ ಮೈಮೇಲೆ ಸುಮಾರು 150 ವೋಲ್ಟ್ ನಿಂತೇ ಇರುತ್ತದೆ. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ: ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ ಅದು ಸಂಪರ್ಕವನ್ನು ಕಡಿಯುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆದರೆ ಅದು ಆರ್‌ಸಿಸಿಬಿಯ ಪರೀಕ್ಷೆಯೇ ಹೊರತು ಅರ್ಥಿಂಗಿನದಲ್ಲ.

ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ಬಂದ ವಿದ್ಯುದ್ದೀಪ ಬಡವರ ಮನೆಗೆ ಬಂದದ್ದು ಬಹುಮಟ್ಟಿಗೆ 1979-80ರ ಭಾಗ್ಯಜ್ಯೋತಿ ಯೋಜನೆಯಿಂದ, ಅದೂ ಒಂದೇ ಬಲ್ಬಿನ ರೂಪದಲ್ಲಿ. 2023ರ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರನ್ನೂ ಒಳಗೊಂಡಿತು. ಒಂದು ಬಲ್ಬಿಗೆಂದು ಎಳೆದ ತಂತಿಗೆ ಇಂದು ಫ್ರಿಜ್ಜು, ಮಿಕ್ಸರು, ನೀರಿನ ಮೋಟಾರುಗಳೆಲ್ಲ ಜೋತುಬಿದ್ದಿದ್ದರೆ ಅಪಾಯ ದೊಡ್ಡದು. ಬಾಡಿಗೆ ಮನೆಯಲ್ಲಿ ಇದು ಮತ್ತೂ ಜಟಿಲ, ಏಕೆಂದರೆ ಉಪಕರಣ ತರುವವನು ಒಬ್ಬ, ತಂತಿಯ ಒಡೆಯ ಇನ್ನೊಬ್ಬ. ಇಂಗ್ಲೆಂಡಿನಲ್ಲಿ 2020ರ ನಿಯಮಗಳು ಬಾಡಿಗೆ ಮನೆಯ ವಿದ್ಯುತ್ ವ್ಯವಸ್ಥೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಿ, ವರದಿಯನ್ನು ಬಾಡಿಗೆದಾರನಿಗೆ ಕೊಡುವುದನ್ನು ಮಾಲೀಕನಿಗೆ ಕಡ್ಡಾಯಗೊಳಿಸಿದವು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ಒಳ-ಹೊರಗಿನ ವೈರಿಂಗನ್ನು ಮಾಲೀಕನಿಗೂ, ಸ್ವಿಚ್ಚು-ಸಾಕೆಟ್ಟುಗಳ ದುರಸ್ತಿಯನ್ನು ಬಾಡಿಗೆದಾರನಿಗೂ ಹಂಚುತ್ತದೆ. ಈ ಹಂಚಿಕೆ ನ್ಯಾಯವಾದದ್ದು, ಆದರೆ ನಿಗದಿತ ಅವಧಿಯ ತಪಾಸಣೆಯಿಲ್ಲದೆ ಅದು ಅಪೂರ್ಣ.

ಮನೆಯನ್ನು ಬಾಡಿಗೆಗೆ ಕೊಡುವ ಪ್ರತಿಯೊಬ್ಬರೂ ಬಾಡಿಗೆದಾರ ಬದಲಾದಾಗಲೊಮ್ಮೆ, ಸ್ವಂತ ಮನೆಯವರು ಐದು ವರ್ಷಕ್ಕೊಮ್ಮೆಯಾದರೂ, ಪರವಾನಗಿಯುಳ್ಳ ಗುತ್ತಿಗೆದಾರನಿಂದ ಈ ಎರಡು ಅಳತೆ ಮಾಡಿಸಿ ಬರೆದಿಡಬೇಕು. ಹೊಲಕ್ಕೆ ನೀರು ತರಲು ಇಷ್ಟು ಶ್ರಮಪಟ್ಟ ಸೀಮೆಯಲ್ಲಿ, ಬೇಸಿಗೆಯ ದಿನಗಳಲ್ಲಿ ಅರ್ಥಿಂಗ್ ಗುಂಡಿಗೂ ಒಂದು ಕೊಡ ನೀರು ಸಲ್ಲಲಿ.